ಬಾಲ್ ಕೈಗೆ ಬಂದ ಕೂಡ್ಲೇ ತಲೆ ಖಾಲಿ, ಏನ್ ಮಾಡೋದು?

ಪ್ರಶ್ನೆ (ಕಾರವಾರ):
ವಯಸ್ಸು 36. ಕಾಲೇಜ್ ಬಿಟ್ಮೇಲೆ ಬಾಸ್ಕೆಟ್‌ಬಾಲ್ ಮುಟ್ಟಿರ್ಲಿಲ್ಲ, ಈಗ ಆರು ತಿಂಗಳಿಂದ ಸಂಜೆ ಆಡ್ತಿದ್ದೇನೆ. ಒಬ್ನೇ ಇದ್ರೆ ಹತ್ತಕ್ಕೆ ಆರು ಶಾಟ್ ಬೀಳ್ತದೆ, ಆಟದಲ್ಲಿ ಮಾತ್ರ ಬಾಲ್ ಬಂತು ಅಂದ್ರೆ ಗಾಬ್ರಿ, ಪಾಸ್ ಎದುರು ಟೀಮಿನವ್ರ ಕೈಗೆ ಹೋಗ್ತದೆ. ಯೂಟ್ಯೂಬ್ ನೋಡಿ ನೋಡಿ ಸಾಕಾಯ್ತು, ನಿಮ್ಗೆಲ್ಲ ಏನು ಕೆಲಸಕ್ಕೆ ಬಂತು ಹೇಳಿ.

ಶಿರಸಿಯಿಂದ:
ನಂಗೂ ಇದೇ ರೋಗ ಇತ್ತು ಮಾರಾಯ್ರೆ. ಡ್ರಿಬ್ಲಿಂಗ್ (ಬಾಲ್ ನೆಲಕ್ಕೆ ಬಡಿಯೋದು) ಸರಿಯಿಲ್ಲ ಅಂದ್ಕೊಂಡು ಒಂದಿಡೀ ವರ್ಷ ಮನೆ ಅಂಗಳದಲ್ಲಿ ಕುಟ್ಟಿದ್ದೇ ಕುಟ್ಟಿದ್ದು (ಅಡಿಕೆ ಹರವಿದ ಅಂಗಳ, ಅಪ್ಪನ ಹತ್ರ ಬೈಸ್ಕೊಂಡದ್ದು ಬೇರೆ), ಕೈ ಏನೋ ಪಳಗ್ತು, ಆಟ ಇದ್ದಲ್ಲೇ ಇತ್ತು. ಆಮೇಲೆ ಜೊತೆಗೆ ಆಡೋರೊಬ್ರು ಮೊಬೈಲಲ್ಲಿ ವಿಡಿಯೋ ಮಾಡಿ ತೋರ್ಸಿದ್ರು, ನೋಡಿ ನಾಚ್ಕೆ ಆಯ್ತು. ಬಲಗಡೆ ನಿಂತಿದ್ದೇನೆ, ಪಾಸ್ ಬರ್ತದೆ, ಹಿಡ್ದವನೇ ನೆಲ ನೋಡ್ಕೊಂಡು ಎರಡು ಸಲ ಬಡೀತೇನೆ. ಯಾಕೆ ಬಡ್ದೆ ಅಂದ್ರೆ ನಂಗೇ ಗೊತ್ತಿಲ್ಲ, ಚಟ ಅಷ್ಟೇ. ಅಷ್ಟೊತ್ತಿಗೆ ನಮ್ಮವನೊಬ್ಬ ತನ್ನನ್ನ ತಡೀತಿದ್ದ ಡಿಫೆಂಡರಿನ ಬೆನ್ನ ಹಿಂದಿಂದ ರಿಂಗ್ ಕೆಳಗೆ ಓಡಿ, ಕೈ ಎತ್ತಿ, ಕಾದು, ಕೈ ಇಳ್ಸಿಯೂ ಆಗಿತ್ತು. ನಾನು ತಲೆ ಎತ್ತಿದ್ದು ಅದಾದ್ಮೇಲೆ.

ಹಾಗಾಗಿ ಬಾಲ್ ಬಂದ್ಮೇಲೆ ಯೋಚ್ನೆ ಶುರು ಮಾಡಿದ್ರೆ ಆಗ್ಲಿಲ್ಲ, ಅದು ಇನ್ನೊಬ್ನ ಕೈಲಿರುವಾಗ್ಲೇ ನೋಡಿಟ್ಕೊಳ್ಬೇಕು. ನನ್ನ ಡಿಫೆಂಡರ್ ಎಷ್ಟು ದೂರ ಇದ್ದಾನೆ, ರಿಂಗ್ ಹತ್ರ ನಿಂತವ ಯಾರ ಕಡೆ ತಿರ್ಗಿದ್ದಾನೆ, ಇಷ್ಟೇ. ದೂರ ಇದ್ದಾನೆ ಅಂದ್ರೆ ಶಾಟ್, ಮೈಮೇಲೆ ಓಡಿ ಬರ್ತಿದ್ರೆ ಅವ್ನ ಪಕ್ಕದಿಂದ ಒಳಗೆ ನುಗ್ಗೋದು, ಆಗ ರಿಂಗ್ ಹತ್ರದವ ತಡೆಯೋಕೆ ಬಂದ್ರೆ ಅವ ಯಾರನ್ನ ಬಿಟ್ಟು ಬಂದ್ನೋ ಅವ್ನಿಗೆ ಪಾಸ್. ಚೆಂಡೆ ಬಾರ್ಸೋರು ಚೆಂಡೆ ನೋಡ್ತಾರಾ? ವೇಷದವನ ಹೆಜ್ಜೆ ಅಲ್ವಾ ನೋಡೋದು.

ಅಭ್ಯಾಸಕ್ಕೆ ಅರ್ಧ ಕೋರ್ಟಲ್ಲಿ ಮೂರು-ಮೂರು ಜನ ಆಡಿ, ಡ್ರಿಬಲ್ ಪೂರ್ತಿ ಬಂದ್. ಹಿಡೀಬೇಕು, ಒಂದು ಕಾಲು ಊರಿ ತಿರುಗ್ಬೇಕು, ಕೊಡ್ಬೇಕು, ಕೊಟ್ಟವ ಸುಮ್ನೆ ನಿಲ್ಲದೆ ರಿಂಗ್ ಕಡೆ ಓಡ್ಬೇಕು. ಮೊದಲ ದಿನ ನಾವು ಅರ್ಧ ಗಂಟೆಗೆ ನಾಲ್ಕು ಬಾಸ್ಕೆಟ್ ಹಾಕಿದ್ದು, ಬರೀ ಜಗಳ! ಎರಡು ವಾರ ಕಳ್ದ್ಮೇಲೆ ಒಂದು ಡ್ರಿಬಲ್ ಮಾಡ್ಬಹುದು ಅಂತ ಬಿಟ್ವಿ, ಆ ಒಂದೇ ಒಂದು ಎಷ್ಟು ಬೆಲೆಬಾಳ್ತದೆ ಅಂತ ಆಗ ಗೊತ್ತಾಯ್ತು. ಯಾರಾದ್ರೂ ಜೋರಾಗಿ 12 ಎಣಿಸ್ತಾ ಇರ್ಲಿ, ಅಷ್ಟರೊಳಗೆ ಶಾಟ್ ಹೊಡೀಬೇಕು. ಮೂರು ಜನರ ಆಟಕ್ಕೆ ನಿಜವಾದ ರೂಲೂ 12 ಸೆಕೆಂಡೇ, ಐದು ಜನರದ್ದಕ್ಕೆ 24.

ಕಾರವಾರದಿಂದಲೇ ಇನ್ನೊಬ್ರು:
ಹತ್ತಕ್ಕೆ ಆರು ಅಂದ್ರಲ್ಲ, ನಿಂತಲ್ಲೇ ನಿಂತು ಹೊಡ್ದದ್ದು ತಾನೇ? ಹಾಫ್ ಲೈನ್ ಮುಟ್ಟಿ ಓಡಿ ಬಂದು ಏದುಸಿರಲ್ಲೇ ಹೊಡೀರಿ, ನಿಮ್ಮ ನಿಜವಾದ ಲೆಕ್ಕ ಅದು. ನಂದು ಆರಿಂದ ಮೂರಕ್ಕೆ ಇಳೀತು. ಮತ್ತೆ ಸಂಜೆ ಕಡಲ ಗಾಳಿ ಜೋರಿದ್ದಾಗ 6.75 ಮೀಟರಿನ ತ್ರೀ ಪಾಯಿಂಟ್ ಬೀಳ್ಲಿಲ್ಲ ಅಂತ ಕೈ ಸ್ಟೈಲ್ ಬದಲಾಯಿಸೋಕೆ ಹೋಗ್ಬೇಡಿ, ನಾನು ಹೋಗಿ ಕೆಟ್ಟೆ. ಅಂಥ ದಿನ ಬೋರ್ಡಿಗೆ ಹೊಡೆಯೋ ಹತ್ರದ ಶಾಟ್, ಎಡಗೈ ಲೇಅಪ್ (ಓಡಿ ಬಂದು ರಿಂಗ್ ಹತ್ರದಿಂದ ಹಾಕೋದು) ಮಾಡಿ. ನೆಟ್ ಬೇರೆ ಉಪ್ಪುಗಾಳಿಗೆ ನಿಲ್ಲೋದಿಲ್ಲ, ಚಂದಾ ಎತ್ತಿ ತಂದಿಟ್ಕೊಳ್ಳಿ.

ಕುಮಟಾದಿಂದ:
ಡ್ರಿಬಲ್ ಪೂರ್ತಿ ಬಂದ್ ಅನ್ನೋದು ನಂಗೆ ಅಷ್ಟು ಸರಿ ಕಾಣೋದಿಲ್ಲ, ಎದುರಿನವ ಮೈಗೆ ಅಂಟ್ಕೊಂಡು ನಿಂತಾಗ ಅದು ಬೇಕೇ ಬೇಕು, ಆದ್ರೆ ಎರಡು ವಾರದ ಮಟ್ಟಿಗೆ ಓಕೆ. ಗಾಬ್ರಿಗೆ ಇನ್ನೊಂದು ಕಾರಣ ನಿಮ್ಮವ್ರು ಬಾಯಿ ಬಿಡದೇ ಇರೋದು. "ಟೈಮ್ ಇದೆ", "ಹಿಂದೆ ಬಂದ" ಅಂತ ಕೂಗೋಕೆ ಹೇಳಿ. ಮಳೆಗಾಲದಲ್ಲಿ ಹಾವಸೆ ಕಟ್ಟಿದ ಸಿಮೆಂಟ್ ಕೋರ್ಟಿಗೆ ಇಳೀಲೇಬೇಡಿ, ಹೋದ ಜುಲೈಲಿ ಜಾರಿ ಪಾದ ಉಳುಕಿ ನಾನು ಒಂದೂವರೆ ತಿಂಗಳು ಮನೇಲಿ ಕೂತೆ. ಆಗ ಮ್ಯಾಚ್ ನೋಡುವಾಗ ಬಾಲ್ ಬಿಟ್ಟು, ಬಾಲ್ ಇಲ್ಲದ ಒಬ್ಬನನ್ನೇ ಹಿಡ್ಕೊಂಡು ನೋಡಿದ್ದು, ಅದ್ರಿಂದ ಕಲ್ತದ್ದೇ ಜಾಸ್ತಿ.

ಪ್ರಶ್ನೆ ಕೇಳಿದವ್ರು:
ಭಾನುವಾರ ಮಾಡಿ ನೋಡಿದ್ವಿ. ಬಂದದ್ದೇ ನಾಲ್ಕು ಜನ, ಇಬ್ಬಿಬ್ರೇ ಆಡಿದ್ವಿ, ಡ್ರಿಬಲ್ ಇಲ್ದೆ. ಏಳು ಪಾಸ್ ಹಾಳು ಮಾಡ್ದೆ. ಒಂದ್ಸಲ ಮಾತ್ರ ಬಾಲ್ ಬರೋ ಮೊದಲೇ ಜೊತೆಗಾರ ಓಡೋದು ಕಂಡ್ತು, ಹಿಡಿದ ಕೈಲೇ ಕೊಟ್ಟೆ, ಅವ ಲೇಅಪ್ ಮಿಸ್ ಮಾಡ್ದ. ಎಡಗೈದು ಅವ್ನಿಗೂ ಹೇಳಿದ್ದೇನೆ.