ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವನು ಠಾಣೆಗೆ ಹೋಗಲೇಬೇಕೆ?

ಪ್ರಶ್ನೆ: ಕೊಬ್ಬರಿ ಬೆಳೆಗಾರ, ಗುಬ್ಬಿ ತಾಲ್ಲೂಕು

ಮಾನ್ಯರೇ, ಕಳೆದ ವಾರ ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ಹಾಕಿ ಖಾಲಿ ಗೂಡ್ಸ್ ಗಾಡಿಯಲ್ಲಿ ಊರಿಗೆ ಮರಳುತ್ತಿದ್ದಾಗ, ನಿಟ್ಟೂರು ದಾಟಿದ ಮೇಲೆ ರಸ್ತೆಯ ಅಂಚಿನಲ್ಲಿ ಬೈಕಿನ ಸಮೇತ ಬಿದ್ದಿದ್ದ ಯುವಕನೊಬ್ಬನನ್ನು ಕಂಡೆ. ಗುದ್ದಿದ ವಾಹನ ಅಲ್ಲಿರಲಿಲ್ಲ. ಏಳೆಂಟು ಜನ ಸುತ್ತ ನಿಂತಿದ್ದರೂ ಯಾರೂ ಮುಟ್ಟಿರಲಿಲ್ಲ. 108ಕ್ಕೆ ಕರೆ ಮಾಡಿದಾಗ ಆಂಬುಲೆನ್ಸ್ ಬರುವುದು ತಡವಾಗುತ್ತದೆಂದು ತಿಳಿದು, ಇಬ್ಬರ ನೆರವಿನಿಂದ ಅವನನ್ನು ನನ್ನ ಗಾಡಿಯಲ್ಲೇ ಮಲಗಿಸಿ ತುಮಕೂರಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆ. ಅಲ್ಲಿ ಮುಂಗಡವೆಂದು 8,000 ರೂಪಾಯಿ ಕಟ್ಟಿಸಿಕೊಂಡರಲ್ಲದೆ, ‘ರೋಗಿಯ ಕಡೆಯವರು’ ಎಂಬ ಜಾಗದಲ್ಲಿ ನನ್ನ ಸಹಿಯನ್ನೂ ಹಾಕಿಸಿಕೊಂಡರು.

ಈಗ ಠಾಣೆಯಿಂದ ಕರೆ ಬಂದಿದ್ದು, ಹೇಳಿಕೆ ಕೊಟ್ಟು ಸ್ಥಳ ಮಹಜರಿಗೂ (ಘಟನಾ ಸ್ಥಳವನ್ನು ಪರಿಶೀಲಿಸಿ ಬರೆಯುವ ದಾಖಲೆಗೂ) ಸಹಿ ಮಾಡಬೇಕೆನ್ನುತ್ತಿದ್ದಾರೆ. ಗುದ್ದಿದವನು ಸಿಗದಿದ್ದರೆ ನಿನ್ನ ಗಾಡಿಯನ್ನೇ ಎಳೆದುಕೊಂಡು ಹೋಗುತ್ತಾರೆಂದು ನನ್ನ ಭಾವಮೈದುನ ಹೆದರಿಸುತ್ತಿದ್ದಾನೆ. ಯುವಕನ ಬೆನ್ನಿಗೆ ಪೆಟ್ಟಾಗಿದೆಯಂತೆ. ನಾನು ಎತ್ತಿದ ರೀತಿಯಿಂದಲೇ ಅದು ಹೆಚ್ಚಾಯಿತೆಂದು ನಾಳೆ ಮನೆಯವರು ಹೇಳಿದರೆ ಹೊಣೆ ನನ್ನದಾಗುತ್ತದೆಯೇ? ತಿಳಿದವರು ದಯವಿಟ್ಟು ಉತ್ತರಿಸಬೇಕು.

ಉತ್ತರ: ವಕೀಲ, ತುಮಕೂರು

ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ತಮಗೆ ನಿದ್ದೆ ಕೆಡಿಸಿರುವುದು ಅದೇ ಎಂದು ತೋರುತ್ತದೆ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಸೆಕ್ಷನ್ ಪ್ರಕಾರ, ಪ್ರತಿಫಲದ ಆಸೆಯಿಲ್ಲದೆ ಸದುದ್ದೇಶದಿಂದ ಅಪಘಾತದ ಗಾಯಾಳುವಿಗೆ ನೆರವಾದವನ ಮೇಲೆ, ನೆರವಾಗುವಾಗ ಅವನಿಂದ ಅಜಾಗರೂಕತೆಯೇ ಆಗಿ ಗಾಯ ಹೆಚ್ಚಿದರೂ ಅಥವಾ ಸಾವೇ ಸಂಭವಿಸಿದರೂ, ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಬರುವುದಿಲ್ಲ. ಎತ್ತಿ ಗಾಡಿಯಲ್ಲಿ ಸಾಗಿಸುವುದೂ ಈ ನೆರವಿನೊಳಗೇ ಬರುತ್ತದೆ.

ಠಾಣೆಯ ವಿಷಯ ಕೇಂದ್ರ ಮೋಟಾರು ವಾಹನ ನಿಯಮಗಳ 168 ಮತ್ತು 169ರಲ್ಲಿದೆ. ನೆರವಾದವನು ಹೆಸರು, ವಿಳಾಸ ಹೇಳಲೇಬೇಕೆಂದು ಯಾರೂ ಬಲವಂತ ಮಾಡುವಂತಿಲ್ಲ. ತಾನಾಗಿ ಸಾಕ್ಷಿಯಾಗಲು ಒಪ್ಪಿದರೆ, ಅವನಿಗೆ ಅನುಕೂಲವಾದ ಸಮಯ ಮತ್ತು ಸ್ಥಳದಲ್ಲಿ, ಅಂದರೆ ಮನೆಯಲ್ಲೋ ಕೆಲಸದ ಜಾಗದಲ್ಲೋ, ಅಧಿಕಾರಿ ಸಮವಸ್ತ್ರವಿಲ್ಲದೆ ಬಂದು ಹೇಳಿಕೆ ಪಡೆಯಬೇಕು. ಅದೂ ಒಂದೇ ಬಾರಿ. ಆದ್ದರಿಂದ ಠಾಣೆಗೆ ಹೋಗುವುದು ಕಡ್ಡಾಯವಲ್ಲ. ಮಹಜರಿಗೆ ಪಂಚರಾಗುವುದು, ಅಂದರೆ ಅದಕ್ಕೆ ಸಾಕ್ಷಿಯಾಗಿ ಸಹಿ ಹಾಕುವುದು, ಬೇರೆಯದೇ ಕೆಲಸ, ಅದನ್ನು ಸೌಜನ್ಯದಿಂದ ನಿರಾಕರಿಸಿ.

ಗಾಡಿಯ ಬಗ್ಗೆ ಮಾತ್ರ ಭಾವಮೈದುನರ ಭಯವನ್ನು ನಾನು ತಳ್ಳಿಹಾಕುವುದಿಲ್ಲ. 134ಎ ರಕ್ಷಣೆ ನೆರವಾದವನಿಗಷ್ಟೇ ಹೊರತು ಗುದ್ದಿದವನಿಗಲ್ಲ. ತಾವು ಗುದ್ದಿದವರಲ್ಲವೆಂಬುದಕ್ಕೆ ಮಾರುಕಟ್ಟೆಯ ಚೀಟಿ, 108ಕ್ಕೆ ಮಾಡಿದ ಕರೆಯ ಸಮಯ ಮತ್ತು ಎತ್ತಲು ಕೈಜೋಡಿಸಿದ ಇಬ್ಬರ ಹೆಸರುಗಳನ್ನು ಇಂದೇ ತೆಗೆದಿಟ್ಟುಕೊಳ್ಳಿ. ಗಾಡಿಯ ಮುಂಭಾಗ ಮತ್ತು ಎರಡೂ ಪಕ್ಕಗಳ ಚಿತ್ರ ತೆಗೆಯಿರಿ.

ಉತ್ತರ: ಶುಶ್ರೂಷಕಿ, ಶಿರಾ

ಅಣ್ಣಾ, ಆಸ್ಪತ್ರೆಯ ಕೌಂಟರಿನ ಒಳಗಿನಿಂದ ಎರಡು ಮಾತು. ಸಂಬಂಧಿಯಲ್ಲದವರಿಂದ ದಾಖಲಾತಿಗೆ ಹಣ ಕೇಳಬಾರದೆಂಬ ನಿಯಮ, 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮಾರ್ಗಸೂಚಿಯಲ್ಲೇ ಇದೆ. ಆದರೆ ರಾತ್ರಿ ಪಾಳಿಯ ಬಿಲ್ಲಿಂಗ್ ಸಿಬ್ಬಂದಿಗೆ ಎದುರಿಗೆ ನಿಂತವರೆಲ್ಲರೂ ‘ರೋಗಿಯ ಕಡೆಯವರೇ’. ಆ ಜಾಗದಲ್ಲಿ ‘ದಾರಿಹೋಕ, ಸಂಬಂಧಿಯಲ್ಲ’ ಎಂದು ಬರೆದು ಸಹಿ ಮಾಡಿದ್ದರೆ ಈ ತೊಡಕೇ ಇರುತ್ತಿರಲಿಲ್ಲ. ಈಗಲೂ ತಡವಾಗಿಲ್ಲ: ನಡೆದದ್ದನ್ನು ನಾಲ್ಕು ಸಾಲಿನಲ್ಲಿ ಬರೆದು ಆಸ್ಪತ್ರೆಯ ವ್ಯವಸ್ಥಾಪಕರಿಗೆ ಕೊಟ್ಟು, ನಕಲಿನ ಮೇಲೆ ಮೊಹರು ಹಾಕಿಸಿಕೊಳ್ಳಿ. ಮುಂಗಡದ ರಸೀದಿ ಕಳೆಯಬೇಡಿ.

ಬೆನ್ನಿನ ವಿಷಯ: ತಾವು ಅವನನ್ನು ಕೂರಿಸದೆ ಮಲಗಿಸಿಕೊಂಡು ಬಂದದ್ದು ಒಳ್ಳೆಯದೇ ಆಯಿತು. ಕುತ್ತಿಗೆ, ಬೆನ್ನಿಗೆ ಪೆಟ್ಟಾದ ಅನುಮಾನವಿದ್ದಾಗ ಬೆಂಕಿಯಂಥ ಅಪಾಯವಿಲ್ಲದಿದ್ದರೆ ಅಲುಗಾಡಿಸದೆ ಕಾಯುವುದು ಮೇಲು. ಎತ್ತಲೇಬೇಕಾದರೆ ಮೂರು ನಾಲ್ಕು ಜನ ತಲೆ, ಬೆನ್ನು, ಸೊಂಟ ಒಂದೇ ನೇರಕ್ಕಿರುವಂತೆ ಒಟ್ಟಿಗೆ ಎತ್ತಬೇಕು. ಬಾಯಿಗೆ ನೀರು ಹಾಕುವ ನಮ್ಮ ಕಡೆಯ ಅಭ್ಯಾಸ ಮಾತ್ರ ಅಪಾಯಕಾರಿ, ಅರೆಪ್ರಜ್ಞೆಯಲ್ಲಿರುವವನ ಶ್ವಾಸಕೋಶಕ್ಕೆ ಅದು ಇಳಿಯಬಹುದು.

ಉತ್ತರ: ಹಳೆಯ ಪಂಚ, ಚಿಕ್ಕನಾಯಕನಹಳ್ಳಿ

ವಕೀಲರು ಹೇಳಿದ್ದು ಪುಸ್ತಕದಲ್ಲಿರುವುದು. ಹಿಂದೊಮ್ಮೆ ಇಂಥದೇ ಅಪಘಾತದಲ್ಲಿ ‘ಸುಮ್ಮನೆ ಒಂದು ಸಹಿ’ ಎಂದು ಮಹಜರಿಗೆ ಹಾಕಿಸಿಕೊಂಡರು. ನಾಲ್ಕು ವರ್ಷದ ಮೇಲೆ ಸಮನ್ಸ್ ಬಂತು. ಮೂರು ಸಲ ಬಸ್ ಹಿಡಿದು ಹೋದೆ, ಎರಡು ಸಲ ಮುಂದಕ್ಕೆ ಹಾಕಿದರು, ಮೂರನೆಯ ಸಲ ರಸ್ತೆಯ ಅಗಲ ಎಷ್ಟಿತ್ತೆಂದು ಕೇಳಿದರು. ಗುಬ್ಬಿ ಕಡೆಯ ಹರೀಶ್ 2016ರಲ್ಲಿ ನೆಲಮಂಗಲದ ಬಳಿ ರಸ್ತೆಯಲ್ಲಿ ಬಿದ್ದು, ಕಣ್ಣು ದಾನ ಮಾಡಿ ಎಂದು ಹೇಳಿ ತೀರಿಕೊಂಡದ್ದನ್ನು ಈ ಜಿಲ್ಲೆಯವರು ಮರೆತಿಲ್ಲ. ಅವರ ಹೆಸರಿನಲ್ಲಿ ಸರ್ಕಾರ ಯೋಜನೆಯನ್ನೂ ತಂದಿತು. ಆದರೂ ಜನ ದೂರ ನಿಲ್ಲುವುದು ಕಲ್ಲು ಹೃದಯದಿಂದಲ್ಲ, ನನ್ನಂತಹವರ ಅನುಭವ ಕೇಳಿ.

ಉತ್ತರ: ವಕೀಲ, ತುಮಕೂರು

ಹಿರಿಯರ ದೂರು ಸರಿಯಾದದ್ದೇ. ಅದಕ್ಕಾಗಿಯೇ ಪಂಚರಾಗುವುದನ್ನು ಬೇರ್ಪಡಿಸಿ ಹೇಳಿದೆ. ನ್ಯಾಯಾಲಯದ ಸಮನ್ಸ್ ಬಂದ ಮೇಲೆ ಅದನ್ನು ಕಡೆಗಣಿಸುವಂತಿಲ್ಲ. ಆದರೂ ಹೇಳಿಕೆ ಕೊಡಿ ಎಂದೇ ನನ್ನ ಸಲಹೆ. ಗುದ್ದಿದ ವಾಹನ ಪತ್ತೆಯಾಗದಿದ್ದರೆ ತೀವ್ರ ಗಾಯಕ್ಕೆ 50,000 ರೂಪಾಯಿ, ಸಾವಿಗೆ 2 ಲಕ್ಷ ರೂಪಾಯಿ ಪರಿಹಾರಕ್ಕೆ ಅವಕಾಶವಿದ್ದು, ಬೇರೆ ವಾಹನ ಗುದ್ದಿ ಹೋಗಿದೆಯೆಂದು ತೋರಿಸಲು ಆ ಯುವಕನಿಗೆ ತಮ್ಮ ಮಾತು ನೆರವಾಗಬಹುದು. ಗಾಡಿಯ ಬಗೆಗಿನ ಅನುಮಾನಕ್ಕೂ ಅದೇ ಉತ್ತರವಾಗುತ್ತದೆ.

ಈ ಎಲ್ಲ ಮಾತು ರಸ್ತೆ ಅಪಘಾತಕ್ಕೆ. ಬಸ್ಸಿನಲ್ಲಿ ಯಾರಿಗಾದರೂ ಹೃದಯಾಘಾತವಾದರೆ 134ಎ ಅನ್ವಯಿಸದು. ಅಲ್ಲಿ ಒಪ್ಪಿಗೆ ಕೊಡಲಾಗದ ಸ್ಥಿತಿಯಲ್ಲಿರುವವರ ಒಳಿತಿಗಾಗಿ ಸದುದ್ದೇಶದಿಂದ ಮಾಡಿದ ಕೃತ್ಯವನ್ನು ರಕ್ಷಿಸುವ ಭಾರತೀಯ ನ್ಯಾಯ ಸಂಹಿತೆಯ 30ನೇ ಸೆಕ್ಷನ್ ನೋಡಬೇಕು. ನಮ್ಮ ರಾಜ್ಯದ್ದೇ 2016ರ ಗುಡ್ ಸಮರಿಟನ್ (ಆಪತ್ತಿನಲ್ಲಿ ನೆರವಾಗುವ ಪರೋಪಕಾರಿ) ಕಾಯ್ದೆಯೂ ಇದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಇಂದು ಬೆಳಿಗ್ಗೆ ಠಾಣೆಗೆ ಕರೆ ಮಾಡಿ, ಹೇಳಿಕೆಯನ್ನು ತೋಟದ ಮನೆಯಲ್ಲೇ ಕೊಡುತ್ತೇನೆ, ಮಹಜರಿಗೆ ಬೇರೆಯವರನ್ನು ನೋಡಿಕೊಳ್ಳಿ ಎಂದೆ. ಆ ಕಡೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಗುರುವಾರ ಬರುವುದಾಗಿ ಹೇಳಿದರು. ಆಸ್ಪತ್ರೆಗೆ ಪತ್ರ ಬರೆದಿಟ್ಟಿದ್ದೇನೆ. ಮುಂಗಡದ 8,000 ರೂಪಾಯಿಯನ್ನು ಆಸ್ಪತ್ರೆಯಿಂದ ಕೇಳಬೇಕೋ, ಯುವಕನ ಮನೆಯವರಿಂದ ಕೇಳಬೇಕೋ ತಿಳಿಯದು. ಅವನ ತಾಯಿಯ ಮುಖ ನೋಡಿದ ಮೇಲೆ ಅವರನ್ನಂತೂ ಕೇಳಲಾರೆ.