ಆ ಫಾರ್ಮ್ ಖಾಲಿ ವಾಪಸ್ ಕೊಡ್ಬೇಡ ಪುಟ್ಟಿ

ಪುಟ್ಟಿ, ನಿನ್ನ ಮೆಸೇಜ್ ಬೆಳಿಗ್ಗೇನೇ ನೋಡ್ದೆ. ಇದು ಎರಡು ಸಾಲಲ್ಲಿ ಟೈಪ್ ಮಾಡಿ ಮುಗಿಸೋ ಮಾತಲ್ಲ, ಅದಕ್ಕೇ ನಮ್ಮ ಮನೆಯವರ ಗುಂಪಿಗೆ ವಾಯ್ಸ್ ಹಾಕ್ತಿದೀನಿ. ಸ್ವಲ್ಪ ಉದ್ದ ಆಗುತ್ತೆ. ಅಣ್ಣಾ, ನೀನೂ ಪೂರ್ತಿ ಕೇಳು, ಅರ್ಧಕ್ಕೇ ನಿಲ್ಲಿಸ್ಬೇಡ.

ಮೊದಲು, ನಿಮ್ಮ ಮಾವನವರು ಮನೆಗೆ ಬಂದ್ರಲ್ಲ, ಅಷ್ಟು ಸಾಕು ನಮಗೆ. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸ್ಕೊಂಡು ಐದನೇ ದಿನಕ್ಕೆ ತಾವೇ ಮೆಟ್ಲು ಹತ್ತಿ ಒಳಗೆ ಬಂದ್ರು ಅಂದ್ಯಲ್ಲ, ಅದನ್ನ ಓದಿ ನಾನು ದೇವರ ಮನೆಗೆ ಹೋಗಿ ದೀಪ ಹಚ್ಚಿ ಬಂದೆ.

ಈಗ ನೀನು ಕೇಳಿದ ವಿಷಯ. ಡಿಸ್ಚಾರ್ಜ್ ಫೈಲ್ ಜೊತೆ ಆಸ್ಪತ್ರೆಯವರು ಒಂದು ಫಾರ್ಮ್ ಕೊಟ್ಟಿದಾರೆ, ನಮ್ಮ ಸೇವೆ ಹೇಗಿತ್ತು ಅಂತ. ಸೋಮವಾರ ಚೆಕಪ್‌ಗೆ ಹೋದಾಗ ಅದನ್ನ ವಾಪಸ್ ಕೊಡ್ಬೇಕು. ಏನು ಬರೀಲಿ ಅಂತ ಕೇಳಿದೀಯ. ಅಣ್ಣ ಹೇಳ್ದ, ಎಲ್ಲಾದಕ್ಕೂ 'ಉತ್ತಮ' ಅಂತ ಟಿಕ್ ಹಾಕಿ ಕೊಟ್ಬಿಡು, ನಾಳೆ ಮತ್ತೆ ಅದೇ ಡಾಕ್ಟ್ರ ಮುಂದೆ ಕೂರೋದಿದೆ ಅಂತ. ಅಣ್ಣನ ಮಗ ಹೇಳ್ದ, ಫಾರ್ಮ್ ಎಲ್ಲಾ ಬೇಡ, ವಿಡಿಯೋ ಮಾಡಿ ಫೇಸ್‌ಬುಕ್‌ಗೆ ಹಾಕೋಣ, ಆಗ ಗೊತ್ತಾಗುತ್ತೆ ಅವರಿಗೆ ಅಂತ. ಎರಡಕ್ಕೂ ನಾನು ಒಪ್ಪಲ್ಲ. ಯಾಕೆ ಅಂತ ಹೇಳ್ಬೇಕು ಅಂದ್ರೆ 2022ರಲ್ಲಿ ನಿಮ್ಮ ದೊಡ್ಡಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರ್ಕೊಂಡಾಗ ಏನಾಯ್ತು ಅನ್ನೋದನ್ನ ಹೇಳ್ಬೇಕು. ಆಪರೇಷನ್ ಆಯ್ತು ಅಂತ ನಿಮಗೆಲ್ಲಾ ಗೊತ್ತು. ಆ ರಾತ್ರಿಯ ವಿಷಯ ನಾನು ಯಾರಿಗೂ ಸರಿಯಾಗಿ ಹೇಳಿಲ್ಲ.

ಆಸ್ಪತ್ರೆ ಹೆಸರು ಬೇಡ. ಆಪರೇಷನ್ ಥಿಯೇಟರಿಗೆ, ಅದೇ ಓಟಿಗೆ, ಕರ್ಕೊಂಡು ಹೋಗೋ ಮುಂಚೆ ಸಿಸ್ಟರ್ ಬಂದು ಅವರ ಕನ್ನಡಕ, ಹಲ್ಲಿನ ಸೆಟ್ಟು, ಉಂಗುರ, ಉಡದಾರ, ಕಿವಿ ಮಷೀನು ಎಲ್ಲಾ ತೆಗೆಸಿ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ನನ್ನ ಕೈಗೆ ಕೊಟ್ರು. ನಾನು ಬ್ಯಾಗಲ್ಲಿ ಇಟ್ಕೊಂಡೆ. ಆಪರೇಷನ್ ಚೆನ್ನಾಗೇ ಆಯ್ತು. ಬಿಪಿ ಏರಿಳಿತ ಇದೆ, ಒಂದು ರಾತ್ರಿ ಐಸಿಯುನಲ್ಲಿ ಇರ್ಲಿ ಅಂದ್ರು. ಕವರ್ ನನ್ನ ಬ್ಯಾಗಲ್ಲೇ ಉಳೀತು. ನಾನು ಕೆಳಗೆ ಹಾಲಲ್ಲಿ ಕುರ್ಚಿ ಮೇಲೆ ಕೂತೇ ರಾತ್ರಿ ಕಳೆದೆ.

ಬೆಳಿಗ್ಗೆ ಹನ್ನೊಂದಕ್ಕೆ ಹತ್ತು ನಿಮಿಷ ಒಳಗೆ ಬಿಟ್ರು. ಹೋಗಿ ನೋಡ್ತೀನಿ, ಪುಟ್ಟಿ, ಎರಡೂ ಕೈ ಮಂಚದ ಕಂಬಿಗೆ ಕಟ್ಟಿದಾರೆ. ಗಾಜ್ ಬಟ್ಟೆ ಸುತ್ತಿ, ಗಂಟು ಹಾಕಿ. ಬಲಗೈ ಮಣಿಕಟ್ಟಿನ ಹತ್ರ ಚರ್ಮ ಕೆಂಪಗಾಗಿತ್ತು. ಅಲ್ಲಿದ್ದ ಸಿಸ್ಟರ್ ಚಿಕ್ಕ ಹುಡುಗಿ, ಅವಳು ಹೇಳಿದ್ದು ನನಗೆ ಇವತ್ತಿಗೂ ಕಿವೀಲಿದೆ: "ರಾತ್ರಿಯೆಲ್ಲಾ ಗಲಾಟೆ ಅಮ್ಮಾ, ಡ್ರಿಪ್ ಕಿತ್ತು ಹಾಕ್ತಾರೆ, ಹೇಳಿದ ಮಾತೇ ಕೇಳಲ್ಲ." ಹೇಳಿದ ಮಾತೇ ಕೇಳಲ್ಲ! ಕೇಳಕ್ಕೆ ಮಷೀನು ನನ್ನ ಬ್ಯಾಗಲ್ಲಿತ್ತು. ಆಗಿನ್ನೂ ಎಲ್ರೂ ಮಾಸ್ಕ್ ಹಾಕ್ತಿದ್ರು. ನಿಮ್ಮ ದೊಡ್ಡಪ್ಪನಿಗೆ ತುಟಿ ನೋಡಿ ಅರ್ಧ ಅರ್ಥ ಆಗುತ್ತೆ, ಅದೂ ಇಲ್ಲ. ಕನ್ನಡಕಾನೂ ಇಲ್ಲ.

ನಾನು ಕವರ್ ತೆಗೆದು ಮಷೀನನ್ನ ಅವರ ಕಿವಿಗೆ ಇಟ್ಟೆ. ಅದು ಕುಂಯ್ ಅಂತು. ಅವರು ಕಣ್ಣು ಬಿಟ್ಟು ನನ್ನನ್ನ ನೋಡಿ ಹೇಳಿದ್ದು ಇಷ್ಟೇ: "ಎಲ್ರೂ ಮುಖ ಮುಚ್ಕೊಂಡು ಬರ್ತಾರೆ ಕಣೆ. ಕೈ ಹಿಡ್ಕೋತಾರೆ. ಯಾರೂ ಏನೂ ಹೇಳಲ್ಲ."

ಆ ಹುಡುಗಿ ಕೇಳಿಸ್ಕೊಂಡಳು. ತಾನೇ ಬಂದು ಗಂಟು ಬಿಚ್ಚಿದಳು, ಕೈ ನಡುಗ್ತಿತ್ತು ಅವಳದು. ಫೈಲಲ್ಲಿ ಬಿಪಿ ಇತ್ತು, ಶುಗರ್ ಇತ್ತು, ಯಾವ ಮಾತ್ರೆ ಆಗಲ್ಲ ಅನ್ನೋದಿತ್ತು. ಇವರಿಗೆ ಕಿವಿ ಕೇಳಲ್ಲ ಅನ್ನೋದು ಇರ್ಲಿಲ್ಲ. ವಾರ್ಡಿನವರು ಓಟಿಯವರಿಗೆ ಹೇಳಿರ್ಲಿಲ್ಲ, ಓಟಿಯವರು ಐಸಿಯುಗೆ ಹೇಳಿರ್ಲಿಲ್ಲ. ಆಮೇಲೆ ಡಾಕ್ಟ್ರೇ ಹೇಳಿದ್ರು, ವಯಸ್ಸಾದವರಿಗೆ ಸೊಂಟದ ಆಪರೇಷನ್ ಆದ್ಮೇಲೆ ಹೀಗೆ ಗಲಿಬಿಲಿ ಆಗೋದು ತುಂಬಾ ಸಾಮಾನ್ಯ, ಕನ್ನಡಕ, ಕಿವಿ ಮಷೀನು ಹಾಕಿ, ಮನೆಯವರು ಹತ್ರ ಇದ್ದು ಇವತ್ತು ಯಾವ ವಾರ, ಎಷ್ಟು ಗಂಟೆ ಅಂತ ಮಾತಾಡಿಸ್ತಿದ್ರೆ ಎಷ್ಟೋ ಕಡಿಮೆ ಆಗುತ್ತೆ ಅಂತ. ಗುಂಪಲ್ಲಿ ಅಜ್ಜ ಅಜ್ಜಿ ಇರೋರೆಲ್ಲಾ ಇದನ್ನ ನೆನಪಿಟ್ಕೊಳ್ಳಿ. ಆ ಕವರ್ ನಿಮ್ಮ ಬ್ಯಾಗಿಗೆ ಸೇರಿಸ್ಬೇಡಿ. ಎಚ್ಚರ ಆದ ತಕ್ಷಣ ಒಳಗೆ ಕೊಟ್ಟು ಕಳಿಸಿ.

ಅದೇ ಆಸ್ಪತ್ರೇಲಿ ವಾರ್ಡಿಗೆ ಬಂದ್ಮೇಲೆ ರಾತ್ರಿ ಪಾಳಿಗೆ ಇನ್ನೊಬ್ರು ಸಿಸ್ಟರ್ ಬರ್ತಿದ್ರು, ವಯಸ್ಸಾದೋರು. ಅವರು ಏನೇ ಮಾಡೋ ಮುಂಚೆ ಎದುರಿಗೆ ಬಂದು ನಿಂತು ಹೇಳೋರು. "ಯಜಮಾನ್ರೇ, ಈಗ ಮಗ್ಗುಲು ತಿರುಗಿಸ್ತೀವಿ, ಮೂರು ಎಣಿಸ್ತೀನಿ, ನೋವಾದ್ರೆ ನನ್ನ ಕೈ ಅದುಮಿ." ಒಂದು, ಎರಡು, ಮೂರು. ಅಷ್ಟೇ. ಆ ವಾರ್ಡಲ್ಲಿ ನಾನು ಎಣಿಸಿದೀನಿ, ಹದಿನಾಲ್ಕು ಮಂಚ, ರಾತ್ರಿ ಇವರೊಬ್ರೇ, ಜೊತೆಗೆ ಒಬ್ರು ಆಯಾ. ಆದ್ರೂ ಮೂರು ಎಣಿಸಕ್ಕೆ ಅವರಿಗೆ ಟೈಮಿತ್ತು. ನಿಮ್ಮ ದೊಡ್ಡಪ್ಪ ಇವತ್ತಿಗೂ ಡಾಕ್ಟ್ರ ಹೆಸರು ಮರೀತಾರೆ, ಆ ಸಿಸ್ಟರ್ ಹೆಸರು ಮರೆಯಲ್ಲ.

ಹೋಗೋ ದಿನ ನಮಗೂ ಒಂದು ಫಾರ್ಮ್ ಕೊಟ್ರು. ನಾನು ಹಿಂದಿನ ಪುಟ ತಿರುಗಿಸಿ ಎಲ್ಲಾ ಬರೆದೆ. ತಾರೀಖು, ಯಾವ ಐಸಿಯು, ಮಂಚದ ನಂಬರು, ನಾನು ಒಳಗೆ ಹೋದ ಟೈಮು, ಕೈ ಕಟ್ಟಿದ್ದು, ಮಷೀನು ನನ್ನ ಹತ್ರ ಇದ್ದಿದ್ದು. ಬೈಗುಳ ಒಂದೂ ಇಲ್ಲ. ಆ ಹುಡುಗಿ ಮೇಲೆ ಕ್ರಮ ತಗೊಳ್ಳಿ ಅಂತಾನೂ ಬರೀಲಿಲ್ಲ, ಅವಳಿಗೆ ಯಾರೂ ಹೇಳಿರ್ಲಿಲ್ಲ ಅಂತಲೇ ಬರೆದೆ. ಮೂರು ಎಣಿಸಿದ ಸಿಸ್ಟರ್ ಹೆಸರನ್ನ ಬೇರೆ ಸಾಲಲ್ಲಿ ಬರೆದೆ. ಹನ್ನೆರಡು ದಿನ ಬಿಟ್ಟು ನರ್ಸಿಂಗ್ ಸೂಪರಿಂಟೆಂಡೆಂಟ್ ಫೋನ್ ಮಾಡಿದ್ರು. ಅರ್ಧ ಗಂಟೆ ಕೇಳಿಸ್ಕೊಂಡ್ರು, ಕ್ಷಮೆ ಕೇಳಿದ್ರು. ಆರು ತಿಂಗಳಾದ್ಮೇಲೆ ಎಕ್ಸ್‌ರೇಗೆ ಅಂತ ಹೋದಾಗ ನಮ್ಮ ಪಕ್ಕದ ಬೀದಿಯವರು ಅಲ್ಲೇ ಅಡ್ಮಿಟ್ ಆಗ್ತಿದ್ರು. ಅವರ ಕೈಲಿದ್ದ ಅಡ್ಮಿಷನ್ ಹಾಳೆ ಇಸ್ಕೊಂಡು ನೋಡ್ದೆ. ಕೆಳಗೆ ಹೊಸದಾಗಿ ಒಂದು ಸಾಲು ಸೇರಿತ್ತು: ಕನ್ನಡಕ, ಹಲ್ಲಿನ ಸೆಟ್, ಕಿವಿ ಮಷೀನು, ಇವೆಯೇ, ಯಾರ ಬಳಿ ಇವೆ. ನನ್ನ ಕಾಗದದಿಂದಲೇ ಆಯ್ತು ಅಂತ ನಾನು ಹೇಳಲ್ಲ. ಆದ್ರೆ ಆ ಸಾಲು ಮುಂಚೆ ಇರ್ಲಿಲ್ಲ.

ಅದಕ್ಕೇ ಹೇಳ್ತಿರೋದು, ಬರಿ ಅಂತ. ಅಣ್ಣನ ಭಯ ಸುಳ್ಳಲ್ಲ, ನಿಮ್ಮೂರಲ್ಲಿ ಹೃದಯದ ಡಾಕ್ಟ್ರು ಬೀದಿಗೊಬ್ರು ಇಲ್ಲ. 2025ರ ಜೂನ್, ಜುಲೈನಲ್ಲಿ ಹಾಸನದಲ್ಲಿ ಹೃದಯಾಘಾತದಿಂದ ಸಾಲು ಸಾಲು ಸಾವು ಅನ್ನೋ ಸುದ್ದಿ ಬಂದಾಗ ಜನ ಹೆದರ್ಕೊಂಡು ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದ ಸಾಲು ನಿಂತಿದ್ದು ನೆನಪಿದೆಯಲ್ಲ? ಅಷ್ಟು ಜನರನ್ನ ನೋಡೋ ಡಾಕ್ಟ್ರಿಗೆ ನಿನ್ನ ಹಾಳೆ ಓದಿ ಸೇಡು ಇಟ್ಕೊಳ್ಳೋಕೆ ಪುರುಸೊತ್ತಿಲ್ಲ. ಆ ಫಾರ್ಮ್ ಹೋಗೋದು ಕ್ವಾಲಿಟಿ ವಿಭಾಗಕ್ಕೆ. ಎನ್‌ಎಬಿಎಚ್ ಅಂತ ಆಸ್ಪತ್ರೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡೋ ಸಂಸ್ಥೆ ಇದೆ, ಅದರ ಮಾನ್ಯತೆ ಬೇಕು ಅನ್ನೋ ಆಸ್ಪತ್ರೆ ರೋಗಿಗಳ ಅಭಿಪ್ರಾಯ ಸಂಗ್ರಹಿಸಲೇಬೇಕು.

ವಿಡಿಯೋ ಬೇಡ ಮಗಾ. ವಾರ್ಡಲ್ಲಿ ಬೇರೆಯವರ ಮನೆ ಹೆಣ್ಮಕ್ಕಳು ಮಲಗಿರ್ತಾರೆ, ಅವರ ಮುಖಾನೂ ಬರುತ್ತೆ. ಮಾತಿಗೆ ಮಾತು ಬೆಳೆದು ಕೈ ಮಿಲಾಯಿಸಿದ್ರೆ, 2009ರಿಂದ ನಮ್ಮ ರಾಜ್ಯದಲ್ಲಿ ಅದಕ್ಕೆ ಕಾನೂನಿದೆ, ಜೈಲೂ ಆಗಬಹುದು. ಆಸ್ಪತ್ರೆಯವರು ಕಾಗದಕ್ಕೂ ಉತ್ತರ ಕೊಡ್ಲಿಲ್ಲ ಅಂದ್ರೆ ಅದಕ್ಕೆ ಜಾಗ ಇದೆ. 2017ರ ನವೆಂಬರಲ್ಲಿ ಖಾಸಗಿ ಡಾಕ್ಟ್ರುಗಳೆಲ್ಲಾ ಮುಷ್ಕರ ಮಾಡಿದ್ರಲ್ಲ, ಖಾಸಗಿ ಆಸ್ಪತ್ರೆಗಳಿಗೆ ಅಂತ ಇರೋ ಆ ಕೆಪಿಎಂಇ ಕಾನೂನಲ್ಲೇ ಜಿಲ್ಲೆಗೊಂದು ಕುಂದುಕೊರತೆ ಪ್ರಾಧಿಕಾರ ಇದೆ, ಜಿಲ್ಲಾಧಿಕಾರಿಗಳೇ ಅದರ ಅಧ್ಯಕ್ಷರು. ಅಲ್ಲಿಗೆ ಹೋಗೋ ಅಗತ್ಯ ನಿನಗೆ ಬರಲ್ಲ ಅನ್ಸುತ್ತೆ. ಬಂದ್ರೂ ಅಲ್ಲಿ ಕೇಳೋದು ತಾರೀಖು, ಟೈಮು, ಕಾಗದ.

ನಿನ್ನ ಮೆಸೇಜಲ್ಲಿ ಮೂರು ವಿಷಯ ಇತ್ತು. ಎಮರ್ಜೆನ್ಸೀಲಿ ಮಧ್ಯಾಹ್ನದಿಂದ ಸಂಜೆವರೆಗೆ ಏನಾಗ್ತಿದೆ ಅಂತ ಯಾರೂ ಹೇಳ್ಲಿಲ್ಲ ಅನ್ನೋದು ಮೊದಲನೇದು, ಅದನ್ನೇ ದೊಡ್ಡದಾಗಿ ಬರಿ. ಸಹಿ ಹಾಕಿಸ್ಕೊಂಡ ಹಾಳೆ ಇಂಗ್ಲಿಷಲ್ಲಿತ್ತು, ಅತ್ತೆಯವರು ಏನಂತ ಗೊತ್ತಿಲ್ದೇ ಹೆಬ್ಬೆಟ್ಟು ಒತ್ತಿದ್ರು ಅಂದೆಯಲ್ಲ, ಅದನ್ನೂ ಬರಿ. ಗೊತ್ತಿರೋ ಭಾಷೇಲಿ ವಿವರಿಸಿ ಒಪ್ಪಿಗೆ ತಗೋಬೇಕು, ಅದು ಅವರು ಮಾಡೋ ಉಪಕಾರ ಅಲ್ಲ. ಮೂರನೇದು ಡಿಸ್ಚಾರ್ಜ್. ಡಾಕ್ಟ್ರು ಹತ್ತು ಗಂಟೆಗೆ ಹೋಗ್ಬಹುದು ಅಂದ್ರೂ ರಾತ್ರಿ ಎಂಟಾಯ್ತು ಅಂದ್ಯಲ್ಲ. ಆಸ್ಪತ್ರೆಯಿಂದ ಕೋರಿಕೆ ಹೋದ ಮೂರು ಗಂಟೆ ಒಳಗೆ ಇನ್ಶೂರೆನ್ಸ್ ಕಂಪನಿ ಕೊನೇ ಒಪ್ಪಿಗೆ ಕೊಡ್ಬೇಕು ಅಂತ 2024ರಲ್ಲೇ ಇನ್ಶೂರೆನ್ಸ್ ಕಂಪನಿಗಳನ್ನ ನಿಯಂತ್ರಿಸೋ ಐಆರ್‌ಡಿಎಐ ಹೇಳಿದೆ. ಹಾಗಾಗಿ ತಡ ಬಿಲ್ಲಿಂಗಿನವರದ್ದೋ ಕಂಪನೀದೋ, ಯಾವಾಗ ಕಳಿಸಿದ್ರು, ಯಾವಾಗ ಬಂತು ಅಂತ ಕೇಳಿ ಬರಿ.

ಬಿಲ್ ಜಾಸ್ತಿ ಅನ್ನೋದು ಬೇರೆ ವಿಷಯ, ಫಾರ್ಮಲ್ಲಿ ಅದನ್ನ ಬೆರೆಸ್ಬೇಡ. ವಿವರವಾದ ಬಿಲ್ ಕೇಳು. ಸ್ಟೆಂಟಿನ ಬೆಲೆ ಬೇರೆಯಾಗಿ ತೋರಿಸಿರ್ಬೇಕು, ಕಂಪನಿ ಹೆಸರು, ಬ್ಯಾಚ್ ನಂಬರ್ ಸಮೇತ. ಮೊದಲೆಲ್ಲಾ ಒಂದು ಸ್ಟೆಂಟಿಗೆ ಲಕ್ಷದ ಮೇಲೆ ತಗೊಳ್ತಿದ್ರು, 2017ರ ಫೆಬ್ರವರೀಲಿ ಸರ್ಕಾರ ಮೇಲ್ಮಿತಿ ಹಾಕಿದ್ಮೇಲೆ ಔಷಧಿ ಲೇಪದ್ದು 29,600 ರೂಪಾಯಿಗೆ ಬಂತು. ಈಗಿನ ಮೇಲ್ಮಿತಿ ನೋಡಿ ಹೊಂದಿಸ್ಕೋ. ಸ್ಟೆಂಟ್ ಡಬ್ಬದ ಸ್ಟಿಕ್ಕರ್ ಫೈಲಲ್ಲಿ ಅಂಟಿಸಿರ್ತಾರೆ, ಇಲ್ದಿದ್ರೆ ಕೇಳಿ ತಗೋ, ಮುಂದೆ ಯಾವ ಆಸ್ಪತ್ರೆಗೆ ಹೋದ್ರೂ ಬೇಕಾಗುತ್ತೆ. ಕೇಸ್ ಶೀಟಿನ ನಕಲು ಬೇಕಾದ್ರೆ ಬರೆದು ಕೇಳು, 72 ಗಂಟೆ ಒಳಗೆ ಕೊಡ್ಬೇಕು ಅಂತ ವೈದ್ಯರ ನಿಯಮದಲ್ಲೇ ಇದೆ.

ಇನ್ನೊಂದು. ಈ ಗುಂಪಲ್ಲಿ ಯಾರೂ ಅದನ್ನ ಹೇಳ್ಲಿಲ್ಲ, ನನಗೆ ಬೇಜಾರಾಯ್ತು. ಮಾವನವರಿಗೆ ಎದೆನೋವು ಬಂದಾಗ ಮೊದಲು ಹೋಗಿದ್ದು ತಾಲ್ಲೂಕು ಆಸ್ಪತ್ರೆಗೆ. ಹೋದ ಹತ್ತೇ ನಿಮಿಷದಲ್ಲಿ ಇಸಿಜಿ ತೆಗೆದು, ದೊಡ್ಡ ಡಾಕ್ಟ್ರಿಗೆ ಕಳಿಸಿ ಕೇಳಿ, ರಕ್ತದ ಗಂಟು ಕರಗಿಸೋ ಇಂಜೆಕ್ಷನ್ ಹಾಕಿ, 108ರಲ್ಲಿ ಮುಂದಕ್ಕೆ ಕಳಿಸಿದ್ರು ಅಂತ ನೀನೇ ಹೇಳ್ದೆ. ಪುನೀತ್ ರಾಜ್‌ಕುಮಾರ್ ಹೆಸರಲ್ಲಿ ಸರ್ಕಾರ ಮಾಡಿದ ಹೃದಯ ಜ್ಯೋತಿ ಯೋಜನೆ ಅದು. ಹೊರಗೆ ಸಾವಿರಾರು ರೂಪಾಯಿ ಆಗೋ ಇಂಜೆಕ್ಷನ್ ಅಲ್ಲಿ ಒಂದು ಪೈಸೆ ಇಲ್ಲದೆ ಆಯ್ತು. ಎಸಿ ರೂಮು, ಲಿಫ್ಟು ಇಲ್ಲ ಅಂತ ನಾವು ಅವರನ್ನ ಲೆಕ್ಕಕ್ಕೇ ತಗೊಳ್ಳಲ್ಲ. ಅಲ್ಲಿ ಫಾರ್ಮ್ ಕೊಟ್ಟಿಲ್ಲ ಅಂದ್ರೆ ಒಂದು ಬಿಳಿ ಹಾಳೇಲಿ ಬರಿ, ಮುಖ್ಯ ವೈದ್ಯಾಧಿಕಾರಿಗಳ ಹೆಸರಿಗೆ. ಅವತ್ತು ಡ್ಯೂಟೀಲಿ ಇದ್ದ ಡಾಕ್ಟ್ರು, ಇಸಿಜಿ ತೆಗೆದ ಹುಡುಗ, ಆಂಬುಲೆನ್ಸಲ್ಲಿ ಪಕ್ಕ ಕೂತಿದ್ದೋರು, ಹೆಸರು ಗೊತ್ತಿದ್ರೆ ಹೆಸರು ಹಾಕು, ಇಲ್ದಿದ್ರೆ ತಾರೀಖು, ಟೈಮ್ ಹಾಕು. ಮಾವನವರ ಕೈಲೇ ಸಹಿ ಮಾಡಿಸು.

ಭಾನುವಾರ ರಾತ್ರಿ ಬರೆದಿಟ್ಕೊಂಡು ಎರಡೂ ಹಾಳೆ ಫೋಟೋ ತೆಗೆದು ನನಗೆ ಕಳಿಸು, ಓದಿ ಹೇಳ್ತೀನಿ. ನಿಮ್ಮ ದೊಡ್ಡಪ್ಪ ಪಕ್ಕದಲ್ಲೇ ಕೂತಿದಾರೆ, ಏನೋ ಹೇಳ್ತಿದಾರೆ... ಹಾಂ, ರಕ್ತ ತೆಳು ಮಾಡೋ ಮಾತ್ರೆ ಎರಡಿರುತ್ತಂತೆ, ಡಾಕ್ಟ್ರು ಹೇಳೋವರೆಗೂ ಒಂದು ದಿನಾನೂ ಬಿಡಬಾರದು, ಹಲ್ಲು ಕೀಳಿಸೋಕೆ ಹೋದ್ರೂ ಮೊದಲು ಅವರನ್ನ ಕೇಳ್ಬೇಕಂತೆ. ಅತ್ತೆಯವರಿಗೂ ಹೇಳು. ಇಡ್ತೀನಿ ಪುಟ್ಟಿ.