ಪದಚರ್ಚೆ: ಬಿಸಿಯಾದಾಗ ಮಾತ್ರ ಕೈಕೊಡುವ ಇಂಜಿನ್ನಿಗೆ ಏನೆನ್ನೋಣ?

ಬಳಗದವರಿಗೆ ನಮಸ್ಕಾರ.

ಹಳೆಯ ಮರ್ಸಿಡಿಸ್ ಕಾರುಗಳನ್ನು ರಿಪೇರಿ ಮಾಡುವ ಗ್ಯಾರೇಜೊಂದರಲ್ಲಿ ಕೆಲಸ ಕಲಿಯುತ್ತಿರುವ ಹುಡುಗರಿಗಾಗಿ ಕನ್ನಡದಲ್ಲಿ ಒಂದು ಕಿರುಕೈಪಿಡಿ ಬರೆಯುತ್ತಿದ್ದೇನೆ. ವಿಷಯ ಡಬ್ಲ್ಯೂ124 ಎಂಬ ಸರಣಿಯ ಕಾರು. 1984ರಲ್ಲಿ ಜರ್ಮನಿಯಲ್ಲಿ ಬಿಡುಗಡೆಯಾಗಿ, 1995ರಿಂದ ಪುಣೆಯಲ್ಲೂ ಜೋಡಣೆಯಾದ ಗಾಡಿ ಇದು. ಇಂಗ್ಲಿಷ್ ಕೈಪಿಡಿಗಳಲ್ಲಿ ‘ಇಂಟರ್ಮಿಟೆಂಟ್ ಸ್ಟಾರ್ಟಿಂಗ್ ಪ್ರಾಬ್ಲಂ’ ಎಂದು ಒಂದು ಅಧ್ಯಾಯವೇ ಇರುತ್ತದೆ. ಆ ‘ಇಂಟರ್ಮಿಟೆಂಟ್’ಗೆ, ಅಂದರೆ ಒಮ್ಮೆ ಕಾಣಿಸಿಕೊಂಡು ಒಮ್ಮೆ ಮಾಯವಾಗುವುದಕ್ಕೆ, ಕನ್ನಡದಲ್ಲಿ ಏನು ಬರೆಯಬೇಕು ಎಂಬುದು ನನ್ನ ಪ್ರಶ್ನೆ.

ಕೈಗೆ ಸುಲಭವಾಗಿ ಸಿಗುವ ಪದ ‘ಮಧ್ಯಂತರ’. ಆದರೆ ಅದನ್ನು ಓದಿದ ಕೂಡಲೇ ನ್ಯಾಯಾಲಯದ ಆದೇಶವೋ ಚುನಾವಣೆಯೋ ಸಿನಿಮಾದ ವಿರಾಮವೋ ನೆನಪಾಗುತ್ತದೆಯೇ ಹೊರತು ಸ್ಟಾರ್ಟ್ ಆಗದ ಕಾರಲ್ಲ. ‘ಆಗಾಗ’ ಎಂದರೆ ಎಷ್ಟು ಸಲ ಎಂಬುದಷ್ಟೇ ತಿಳಿಯುತ್ತದೆ. ‘ಮರುಕಳಿಸುವ’ ಎಂಬುದು ದೋಷ ಮತ್ತೆ ಬರುತ್ತದೆ ಎಂದು ಹೇಳುತ್ತದೆ, ನಡುವಿನ ಹೊತ್ತಿನಲ್ಲಿ ಗಾಡಿ ಏನೂ ಆಗದಂತೆ ಓಡುತ್ತದೆ ಎಂಬ ಮಾತನ್ನು ಬಿಟ್ಟುಬಿಡುತ್ತದೆ. ಮೆಕ್ಯಾನಿಕ್‌ನ ತಲೆ ತಿನ್ನುವುದು ಅದೇ ನಡುವಿನ ಹೊತ್ತು. ಮಾಲೀಕರು ಗಾಡಿ ತಂದು ನಿಲ್ಲಿಸಿದಾಗ ಅದು ಮೊದಲ ಕೀಲಿಗೇ ಸ್ಟಾರ್ಟ್ ಆಗುತ್ತದೆ.

ಇನ್ನು ‘ಸ್ಟಾರ್ಟಿಂಗ್ ಪ್ರಾಬ್ಲಂ’. ಕನ್ನಡದ ಬಾಯಲ್ಲಿ ಇದು ಎಷ್ಟು ಪಳಗಿದೆ ಎಂದರೆ ಮಾತು ಶುರುಮಾಡಲು ತಡವರಿಸುವವರನ್ನೂ ಹೀಗೆಂದು ಛೇಡಿಸುತ್ತೇವೆ. ಕೈಪಿಡಿಗೆ ಮಾತ್ರ ಇದು ಸಾಲದು, ಏಕೆಂದರೆ ಇದರೊಳಗೆ ಎರಡು ಬೇರೆ ಬೇರೆ ದೋಷಗಳು ಅಡಗಿವೆ. ಗ್ಯಾರೇಜಿನ ಭಾಷೆ ಅವನ್ನು ಕ್ರಿಯಾಪದದಲ್ಲೇ ಬೇರ್ಪಡಿಸುತ್ತದೆ. ಕೀಲಿ ತಿರುಗಿಸಿದರೂ ಇಂಜಿನ್ನನ್ನು ಎಬ್ಬಿಸುವ ಸ್ಟಾರ್ಟರ್ ಮೋಟಾರು ತಿರುಗದಿದ್ದರೆ ‘ಸೆಲ್ಫ್ ಹೊಡೆಯುತ್ತಿಲ್ಲ’. ಮೋಟಾರು ತಿರುಗಿಯೂ ಇಂಜಿನ್ ಚಾಲನೆಗೆ ಬಾರದಿದ್ದರೆ ‘ಸೆಲ್ಫ್ ಹೊಡೆಯುತ್ತಿದೆ, ಇಂಜಿನ್ ಹಿಡಿಯುತ್ತಿಲ್ಲ’. ಈ ‘ಹಿಡಿ’ ಎಂಬ ಪದ ನನಗೆ ಬಹಳ ಇಷ್ಟ. ಒಲೆಯಲ್ಲಿ ಸೌದೆಗೆ ಬೆಂಕಿ ಹಿಡಿಯುವುದೂ ಸಿಲಿಂಡರಿನಲ್ಲಿ ಪೆಟ್ರೋಲು ಹೊತ್ತಿಕೊಳ್ಳುವುದೂ ಅಲ್ಲಿ ಒಂದೇ ಮಾತಿನಲ್ಲಿ ಕೂಡುತ್ತವೆ.

‘ಸೆಲ್ಫ್’ ಬಂದದ್ದು ‘ಸೆಲ್ಫ್ ಸ್ಟಾರ್ಟರ್’ನ ಬಾಲ ಕತ್ತರಿಸಿ. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್‌ನಲ್ಲಿ ಬರುವ ಮುನ್ನ ಸಾಮಾನ್ಯವಾಗಿ ಗಾಡಿಯ ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕಿತ್ತು. ಹ್ಯಾಂಡಲ್ ಹೋದರೂ ನಮ್ಮಲ್ಲಿ ‘ಹೊಡೆ’ ಉಳಿಯಿತು: ಸೆಲ್ಫ್ ಹೊಡೆ, ಕಿಕ್ ಹೊಡೆ, ಹಾರ್ನ್ ಹೊಡೆ, ಕೊನೆಗೆ ಲಾರಿಯನ್ನೇ ಹೊಡೆ. ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾಲದಿಂದ ಬಂದ ಪದವಿರಬೇಕು.

ಈಗ ಈ ಭೇದ ಏಕೆ ಮುಖ್ಯ ಎಂದು ಹೇಳುತ್ತೇನೆ. ಸೆಲ್ಫ್ ಹೊಡೆಯದಿದ್ದರೆ ಹುಡುಕಬೇಕಾದ ಜಾಗಗಳು ಕಡಿಮೆ. ಬ್ಯಾಟರಿ ಸುಮ್ಮನಿರುವಾಗ ಸುಮಾರು 12.6 ವೋಲ್ಟ್ ಇರಬೇಕು, ಸೆಲ್ಫ್ ಹೊಡೆಯುವಾಗ 10ರ ಆಸುಪಾಸಿನಿಂದ ತೀರಾ ಕೆಳಗಿಳಿಯಬಾರದು. ಆಮೇಲೆ ಟರ್ಮಿನಲ್‌ನ ಹಸಿರು ಕಿಲುಬು, ಇಂಜಿನ್‌ಗೂ ಬಾಡಿಗೂ ನಡುವಿನ ಅರ್ತಿಂಗ್ ಪಟ್ಟಿ, ಸ್ಟಾರ್ಟರಿಗೆ ವಿದ್ಯುತ್ ಹಾಯಿಸುವ ಸೊಲೆನಾಯ್ಡ್ ನೋಡಬೇಕು. ಆಟೊಮ್ಯಾಟಿಕ್ ಗೇರಿನ ಗಾಡಿಯಾದರೆ ‘ಪಾರ್ಕ್’ನಲ್ಲಿ ಮೂಕವಾಗಿರುವ ಸೆಲ್ಫ್ ‘ನ್ಯೂಟ್ರಲ್’ಗೆ ಹಾಕಿದ ಕೂಡಲೇ ಹೊಡೆಯಬಹುದು. ಹಾಗಾದರೆ ಗೇರಿನ ಸ್ಥಾನ ತಿಳಿಸುವ ಸ್ವಿಚ್ಚಿನ ಮೇಲೆ ಅನುಮಾನ ಪಡಬೇಕು.

ಇಂಜಿನ್ ಹಿಡಿಯದಿದ್ದರೆ ಕಥೆ ಉದ್ದ. ಆ ಕಾರುಗಳಲ್ಲಿ ತುಂಬಾ ಕಾಡುವುದು ಇಂಜಿನ್ನಿನ ಹಿಂಬದಿಯಲ್ಲಿ, ಗೇರ್‌ಬಾಕ್ಸ್ ಸೇರುವ ಕಡೆ ಕೂತಿರುವ ಕ್ರ್ಯಾಂಕ್ ಸೆನ್ಸರ್. ಇಂಜಿನ್ನಿನ ಜೊತೆ ಸುತ್ತುವ ಭಾರದ ಚಕ್ರವಾದ ಫ್ಲೈವೀಲ್ ತಿರುಗುವುದನ್ನು, ತನ್ನ ತಂತಿಸುರುಳಿಯಲ್ಲಿ ಹುಟ್ಟುವ ವಿದ್ಯುತ್ತಿನಿಂದ ಇಂಜಿನ್ನಿನ ಕಂಪ್ಯೂಟರಿಗೆ ತಿಳಿಸುವುದು ಅದರ ಕೆಲಸ. ಹಳತಾದ ಸುರುಳಿಯ ತಂತಿ ಬಿಸಿಗೆ ಹಿಗ್ಗಿ ಕಡಿದುಹೋಗುತ್ತದೆ, ತಣಿದಾಗ ಮತ್ತೆ ಕೂಡಿಕೊಳ್ಳುತ್ತದೆ. ಬೆಳಗ್ಗೆ ಯಾವ ತಕರಾರೂ ಇಲ್ಲ. ಹೆದ್ದಾರಿಯಲ್ಲಿ ಓಡಿಸಿ, ಪೆಟ್ರೋಲ್ ಬಂಕಿನಲ್ಲಿ ಐದು ನಿಮಿಷ ನಿಲ್ಲಿಸಿ ಮತ್ತೆ ಕೀಲಿ ತಿರುಗಿಸಿದರೆ ಸೆಲ್ಫ್ ಹೊಡೆಯುತ್ತದೆ, ಇಂಜಿನ್ ಹಿಡಿಯುವುದಿಲ್ಲ. ಆ ಹೊತ್ತಿನಲ್ಲಿ ಇಂಜಿನ್ನಿನ ಸುತ್ತು ತೋರಿಸುವ ಆರ್‌ಪಿಎಂ ಮುಳ್ಳು ಒಂದಿಷ್ಟೂ ಅಲುಗದಿದ್ದರೆ ಸೆನ್ಸರ್ ಸುಮ್ಮನಾಗಿದೆ ಎಂದು ಊಹಿಸಬಹುದು. ಅದರ ಮೇಲೆ ತಣ್ಣೀರು ಸುರಿದು ಗಾಡಿ ಎಬ್ಬಿಸುವ ಉಪಾಯವೂ ಉಂಟು.

ಇನ್ನೊಂದು, ಗಾಡಿಯೊಳಗಿನ ಪೆಟ್ರೋಲ್ ಪಂಪಿಗೆ ವಿದ್ಯುತ್ ಕೊಡುವ ಸ್ವಿಚ್ಚಾದ ರಿಲೇ. ಕೀಲಿ ತಿರುಗಿಸಿದ ಕೂಡಲೇ ಹಿಂದಿನ ಸೀಟಿನ ಕಡೆಯಿಂದ ಒಂದೆರಡು ಸೆಕೆಂಡ್ ‘ಗುಂಯ್’ ಎಂಬ ಸದ್ದು ಬರಬೇಕು. ಬಾರದಿದ್ದರೆ ರಿಲೇಯ ಕವಚ ತೆಗೆದು ಭೂತಗನ್ನಡಿಯಲ್ಲಿ ಬೆಸುಗೆಗಳನ್ನು ನೋಡಿ. ಪಿನ್ನಿನ ಸುತ್ತ ಕೂದಲೆಳೆಯಷ್ಟು ತೆಳುವಾದ, ಮಂಕಾದ ಉಂಗುರ ಕಂಡರೆ ಅದು ಬಿರುಕು. ಬಾಕಿ ಬೆಸುಗೆಗಳು ಹೊಳೆಯುತ್ತಿದ್ದು ಅದೊಂದೇ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಕಾಯಿಸಿ ಹೊಸ ಸೀಸ ಹಾಕಿದರೆ ರಿಲೇ ಮತ್ತೆ ಕೆಲಸ ಮಾಡುತ್ತದೆ. ಈ ಸರಣಿಯ ಮೊದಮೊದಲ ಮಾದರಿಗಳಲ್ಲಿ, ತಲೆಯ ಮೇಲೆ 10 ಆಂಪಿಯರಿನ ಫ್ಯೂಸ್ ಹೊತ್ತ ಎತ್ತರದ ಇನ್ನೊಂದು ರಿಲೇ ಬ್ಯಾಟರಿಯ ಹಿಂದಿರುತ್ತದೆ. ಅದರ ಕಾಯಿಲೆಯೂ ಇದೇ.

ಇಷ್ಟೆಲ್ಲ ಬರೆದದ್ದು ಒಂದು ಮಾತಿಗಾಗಿ. ಸೆನ್ಸರಿನಂತೆ ಬಿಸಿಗೆ ಬರುವ ದೋಷವೂ ಬಿರುಕುಬಿಟ್ಟ ಬೆಸುಗೆಯಂತೆ ಅಲುಗಾಟಕ್ಕೆ ಬರುವ ದೋಷವೂ ಬೇರೆ, ಹುಡುಕುವ ದಾರಿಯೂ ಬೇರೆ. ಎರಡನ್ನೂ ಒಂದೇ ಹಣೆಪಟ್ಟಿಯ ಕೆಳಗೆ ತಂದರೆ ಕಲಿಯುವ ಹುಡುಗನಿಗೆ ಏನೂ ಸಿಗುವುದಿಲ್ಲ. ಆದ್ದರಿಂದ ಹೆಸರಿನಲ್ಲೇ ಸಂದರ್ಭ ಬರಲಿ ಎಂಬುದು ನನ್ನ ಒಲವು: ‘ಬಿಸಿಗೆ ಬಿಡುವ ದೋಷ’, ‘ಕುಲುಕಿಗೆ ಬಿಡುವ ದೋಷ’, ಅಂದರೆ ಬಿಸಿಯಾದಾಗ ಅಥವಾ ಕುಲುಕಿದಾಗ ಸಂಪರ್ಕ ಬಿಟ್ಟುಹೋಗುವುದು. ಇವೆರಡನ್ನೂ ಒಳಗೊಳ್ಳುವ ದೊಡ್ಡ ತಲೆಬರಹಕ್ಕೆ ‘ಬಿಟ್ಟು ಬಿಟ್ಟು ಬರುವ ದೋಷ’ ಎಂದು ಸದ್ಯಕ್ಕೆ ಹಾಕಿಕೊಂಡಿದ್ದೇನೆ. ಜ್ವರಕ್ಕೆ ನಾವು ಹಾಗೆಯೇ ಹೇಳುತ್ತೇವಲ್ಲ. ಆಯುರ್ವೇದದವರ ‘ವಿಷಮಜ್ವರ’ದ ಜಾಡಿನಲ್ಲಿ ‘ವಿಷಮದೋಷ’ ಎಂದು ಸ್ನೇಹಿತರೊಬ್ಬರು ಸೂಚಿಸಿದರು. ಅರ್ಥ ಸರಿ, ಆದರೆ ಇಂದಿನ ಓದುಗರಿಗೆ ‘ವಿಷಮ’ ಎಂದರೆ ಪರಿಸ್ಥಿತಿ ಕೈಮೀರಿದೆ ಎಂದೇ ಕೇಳಿಸುತ್ತದೆ. ಅವರೇ ಸೂಚಿಸಿದ ‘ನಿದಾನ’, ಅಂದರೆ ಮೂಲ ಹುಡುಕುವುದು, ಚೆನ್ನಾಗಿದೆ. ಆದರೆ ಅಚ್ಚಿನಲ್ಲಿ ಯಾರಾದರೂ ಅದನ್ನು ‘ನಿಧಾನ’ ಎಂದು ತಿದ್ದದೆ ಬಿಡುವುದಿಲ್ಲ.

ಬಳಗದವರಿಂದ ನನಗೆ ಬೇಕಾದದ್ದು ಊರೂರಿನ ಬಳಕೆ. ಹುಬ್ಬಳ್ಳಿ ಕಡೆ ಗಾಡಿ ‘ಚಾಲೂ’ ಆಗುತ್ತದೆ, ‘ಬಂದ್ ಬೀಳುತ್ತದೆ’. ಮಂಗಳೂರಿನ ಕಡೆ ‘ಹಾಳಾಗುತ್ತದೆ’. ನಮ್ಮ ಮೈಸೂರು ಸೀಮೆಯಲ್ಲಿ ‘ಕೆಟ್ಟು ನಿಲ್ಲುತ್ತದೆ’, ನಂಬಿದ ಹೊತ್ತಿನಲ್ಲಿ ನಿಂತರೆ ‘ಕೈಕೊಡುತ್ತದೆ’. ‘ಸೆಲ್ಫ್ ಹೊಡೆಯುತ್ತಿದೆ, ಇಂಜಿನ್ ಹಿಡಿಯುತ್ತಿಲ್ಲ’ ಎಂಬುದಕ್ಕೆ ನಿಮ್ಮ ಕಡೆಯ ಗ್ಯಾರೇಜುಗಳಲ್ಲಿ ಏನು ಹೇಳುತ್ತಾರೆ? ಪರೀಕ್ಷೆಗೆ ನಿಲ್ಲಿಸಿದ ಕೂಡಲೇ ಮಾಯವಾಗುವ ದೋಷಕ್ಕೆ ಬೇರೆಯೇ ಹೆಸರಿದೆಯೇ? ಡೀಸೆಲ್ ಲಾರಿ, ಟ್ರ್ಯಾಕ್ಟರುಗಳ ನಂಟಿರುವವರು ಬರೆದರೆ ಇನ್ನೂ ಒಳ್ಳೆಯದು. ಕಾರಿನವರಿಗಿಂತ ಅವರ ಪದಗಳು ಹಳೆಯವಿರಬೇಕು.